ಕನ್ನಡ ಬಲ್ಲ ಸಿಂಟರ್‌ಕ್ಲಾಸ್

ಯಾರಾದರೂ ಏನಾದರೂ ಕೇಳಿದರೆ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಫೀಸಿನಲ್ಲಿ ಇದನ್ನು ಟೀಮ್ ಸ್ಪಿರಿಟ್ ಎನ್ನುತ್ತಾರೆ. ಮನೆಯಲ್ಲಿ ನನ್ನ ಹೆಂಡತಿ ಸುಮಾ ಬೇರೆ ಹೆಸರಿಟ್ಟಿದ್ದಾಳೆ. ಈ ಸ್ವಭಾವದಿಂದಾಗಿ ಎಷ್ಟೋ ಜನರ ಸೋಫಾ ಹೊತ್ತಿದ್ದೇನೆ, ಪರಿಚಯವೇ ಇಲ್ಲದ ನಾಯಿಗಳನ್ನು ವಾಕಿಂಗ್ ಕರೆದೊಯ್ದಿದ್ದೇನೆ. ಬಿಷಪ್ ಆಗಿದ್ದು ಮಾತ್ರ ನಾವಿರುವ ಅಮೆರಿಕದ ಬಾಥೆಲ್ ಊರಿನಲ್ಲಿ, ಒಂದೇ ಒಂದು ಸಲ.

ಪಕ್ಕದ ಮನೆಯ ಯಾನ್ ಹಾಲೆಂಡಿನವನು. ಅವರಲ್ಲಿ ಡಿಸೆಂಬರ್ ಮೊದಲ ವಾರ ಸಿಂಟರ್‌ಕ್ಲಾಸ್ ಹಬ್ಬ. ಬಿಳಿ ಗಡ್ಡದ ವೃದ್ಧ ಬಿಷಪ್ ಒಬ್ಬರು ಸ್ಪೇನಿನಿಂದ ಹಡಗಿನಲ್ಲಿ ಬಂದು, ಬಿಳಿ ಕುದುರೆಯೇರಿ ಮಕ್ಕಳಿರುವ ಮನೆಗಳಿಗೆ ಹೋಗುತ್ತಾರೆ. ಮಕ್ಕಳು ಕುದುರೆಗೆಂದು ಬೂಟಿನೊಳಗೆ ಕ್ಯಾರೆಟ್ ಇಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಚಾಕೊಲೇಟ್ ಇರುತ್ತದೆ. "ಓಹೋ, ಸಾಂತಾ ಕ್ಲಾಸ್!" ಎಂದು ನಾನೊಮ್ಮೆ ಅಂದುಬಿಟ್ಟಿದ್ದೆ. ಮಸಾಲೆ ದೋಸೆಯನ್ನು ಯಾರಾದರೂ ಪ್ಯಾನ್‌ಕೇಕ್ ಎಂದರೆ ನನ್ನ ಮುಖ ಹೇಗಾಗುತ್ತದೋ ಯಾನ್‌ನ ಮುಖ ಹಾಗಾಯಿತು.

ಆ ವರ್ಷ ಯಾನ್ ತನ್ನ ಇಬ್ಬರು ಮಕ್ಕಳಿಗಾಗಿ ಮನೆಯಲ್ಲೇ ಹಬ್ಬ ಇಟ್ಟುಕೊಂಡ. ನಮ್ಮ ಆರು ವರ್ಷದ ಭೂಮಿಯನ್ನೂ ಕರೆದ. ಸಿಂಟರ್‌ಕ್ಲಾಸ್ ಪಾತ್ರಕ್ಕೆ ನನ್ನನ್ನು ಆರಿಸಿದ. ತನ್ನ ದನಿಯನ್ನು ಮಕ್ಕಳು ಗುರುತು ಹಿಡಿಯುತ್ತಾರೆ ಎಂಬುದು ಅವನ ವಾದ.

"ನನಗೆ ಡಚ್ ಬರಲ್ಲವಲ್ಲ," ಎಂದೆ.

"ಅವರು ಸ್ಪೇನಿನಿಂದ ಬರೋದು. ಸ್ಪ್ಯಾನಿಷ್ ಮಾತಾಡಿದರೂ ನಡೆಯುತ್ತೆ."

"ಅದೂ ಬರಲ್ಲ."

"ಮಕ್ಕಳಿಗೂ ಬರಲ್ಲ. ನಿನ್ನ ಭಾಷೆಯಲ್ಲೇ ಮಾತಾಡು, ನಾನು ಅನುವಾದ ಮಾಡ್ತೀನಿ," ಎಂದ ಕನ್ನಡದ ಒಂದಕ್ಷರವೂ ಬರದ ಯಾನ್.

ಕೆಂಪು ನಿಲುವಂಗಿಗೆ ಸುಮಾಳ ರೇಷ್ಮೆ ಸೀರೆಯೇ ಆಗಬೇಕಾಯಿತು. "ಕಲೆ ಆದ್ರೆ ಮಾತ್ರ ಸುಮ್ನಿರಲ್ಲ ನೋಡ್ರೀ," ಎಂದು ಆಶೀರ್ವದಿಸಿ ಅವಳೇ ಪಿನ್ ಹಾಕಿದಳು. ಕಿರೀಟ ಕಾರ್ನ್‌ಫ್ಲೇಕ್ಸ್ ಡಬ್ಬಿಯದು, ದಂಡ ಪರದೆ ಕಟ್ಟುವ ಕಂಬಿ, ಗಡ್ಡ ಹತ್ತಿ. ಅಪ್ಪ ಆಫೀಸಿನಲ್ಲಿದ್ದಾನೆ ಎಂದು ಭೂಮಿಗೆ ಹೇಳಿಟ್ಟಿದ್ದೆವು. ಅದನ್ನು ಅವಳು ಕೂಡಲೇ ನಂಬಿದಳು. ಅಪ್ಪ ಮನೆಯಲ್ಲಿಲ್ಲದಿರುವುದು ಅವಳಿಗೆ ಎಷ್ಟು ಮಾಮೂಲು ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

ಸಂಜೆ ಸುರಿಯುವ ಮಳೆಯಲ್ಲಿ ಸೀರೆ ಎತ್ತಿಕೊಂಡು ಯಾನ್ ಮನೆ ಹೊಕ್ಕೆ. ಕುದುರೆ ಎಲ್ಲಿ ಎಂದು ಅವನ ಮಗ ಕೇಳಿದನಂತೆ. ನಮ್ಮ ಕಾಲೊನಿಯಲ್ಲಿ ಕುದುರೆಗೆ ಪಾರ್ಕಿಂಗ್ ಇಲ್ಲ ಎಂದು ಯಾನ್ ತಿಳಿಹೇಳಿದ. ನಾನು ಗಂಭೀರವಾಗಿ, "ಏನಪ್ಪಾ, ಊಟ ಆಯ್ತಾ?" ಎಂದೆ. ಯಾನ್ ಅದನ್ನು ಬಹಳ ಹೊತ್ತು ಅನುವಾದಿಸಿದ. ಹುಡುಗ ತಲೆ ತಗ್ಗಿಸಿ, ಇನ್ನು ಮುಂದೆ ತಂಗಿಗೆ ಹೊಡೆಯುವುದಿಲ್ಲ ಎಂದು ಮಾತು ಕೊಟ್ಟ.

ಆಮೇಲೆ ಭೂಮಿಯ ಸರದಿ. ಅವಳಿಗೆ ನಾವು ಆಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಎಷ್ಟು ಗೋಗರೆದರೂ ಅಷ್ಟೇ. ಈಗ ಅವಳು ಕಣ್ಣರಳಿಸಿ ನನ್ನ ಹತ್ತಿರ ಬಂದು ಕನ್ನಡದಲ್ಲೇ ಕೇಳಿದಳು.

"ನಿಮಗೆ ಕನ್ನಡ ಬರುತ್ತಾ?"

"ಸ್ವಲ್ಪ ಸ್ವಲ್ಪ ಬರುತ್ತಮ್ಮಾ," ಎಂದೆ ದನಿ ದಪ್ಪ ಮಾಡಿ.

"ಒಂದು ಹೇಳ್ಲಾ?" ಸುತ್ತ ನೋಡಿ ಪಿಸುಗುಟ್ಟಿದಳು. "ನನ್ನ ಅಪ್ಪ ತುಂಬಾ ಒಳ್ಳೇದು. ಆದ್ರೆ ಊಟ ಮಾಡುವಾಗ ಫೋನ್ ನೋಡುತ್ತೆ. ನಾನು ಸ್ಕೂಲ್ ಸ್ಟೋರಿ ಹೇಳಿದ್ರೆ ಹ್ಞೂಂ ಹ್ಞೂಂ ಅನ್ನುತ್ತೆ, ಕೇಳಲ್ಲ. ನೀವು ಹೇಳ್ತೀರಾ? ಬೈಬೇಡಿ. ಮೆತ್ತಗೆ ಹೇಳಿ."

ಅಪ್ಪನನ್ನು ನಪುಂಸಕಲಿಂಗಕ್ಕೆ ಇಳಿಸಿದ್ದನ್ನು ತಿದ್ದುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹತ್ತಿ ಮೂಗಿಗೆ ಹೋಗಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದು ಸುಮಾಗೆ ಆಮೇಲೆ ಹೇಳಿದೆ. "ಹೇಳ್ತೀನಮ್ಮಾ," ಎಂದಷ್ಟೇ ಅಂದು ಚಾಕೊಲೇಟ್ ಕೊಟ್ಟೆ. ಇದನ್ನು ಅನುವಾದಿಸುವುದು ಹೇಗೆಂದು ತಿಳಿಯದ ಯಾನ್, ಹಲ್ಲುಜ್ಜುವುದರ ಬಗ್ಗೆ ಏನೋ ಹೇಳಿ ಮುಗಿಸಿದ.

ಮರುದಿನ ಊಟಕ್ಕೆ ಕೂರುವ ಮುಂಚೆ ಫೋನನ್ನು ಅಡುಗೆಮನೆಯ ಡ್ರಾಯರ್‌ಗೆ ಹಾಕಿದೆ. ಸ್ಕೂಲ್ ಬಸ್ಸಿನಲ್ಲಿ ಯಾರೋ ವಾಂತಿ ಮಾಡಿದ ಕತೆಯನ್ನು ಅನ್ನ ಕಲಸುತ್ತಲೇ ಪೂರ್ತಿ ಕೇಳಿದೆ. ಭೂಮಿಗೆ ಬಹಳ ಖುಷಿಯಾಯಿತು. ಸಿಂಟರ್‌ಕ್ಲಾಸ್ ನಿನಗೆ ಹೇಳಿದರಾ ಎಂದು ಕೇಳಿದಳು, ಇಂಗ್ಲಿಷಿನಲ್ಲಿ.

"ಹೂಂ, ಫೋನ್ ಮಾಡಿದ್ರು," ಎಂದೆ.

ಮುಂದಿನ ವರ್ಷ ಯಾನ್ ಎಲ್ಲಿಂದಲೋ ಅಸಲಿ ಡಚ್ ಮುದುಕರೊಬ್ಬರನ್ನು ಹಿಡಿದು ತಂದ. ಎತ್ತರದ ಆಳು, ಸ್ವಂತ ಗಡ್ಡ, ನಿಜವಾದ ವೆಲ್ವೆಟ್ ನಿಲುವಂಗಿ. ಭೂಮಿ ಅವರ ಬಳಿ ಹೋಗಿ ಕನ್ನಡದಲ್ಲಿ ಏನೋ ಹೇಳಿದಳು. ಅವರು ಪಿಳಿಪಿಳಿ ಕಣ್ಣುಬಿಟ್ಟು, ನಕ್ಕು, ಚಾಕೊಲೇಟ್ ಕೊಟ್ಟರು. ಅವಳು ವಾಪಸು ಬಂದು ಕೈ ಹಿಡಿದೆಳೆದು ನನ್ನನ್ನು ಬಗ್ಗಿಸಿದಳು.

"ಅಪ್ಪಾ, ಹೀ ಈಸ್ ಫೇಕ್. ಕನ್ನಡಾನೇ ಬರಲ್ಲ."

ಆ ಸಜ್ಜನರ ಪರವಾಗಿ ನಾನು ಒಂದು ಮಾತು ಹೇಳಬೇಕಿತ್ತು. ನ್ಯಾಯವಾಗಿ ನೋಡಿದರೆ ಅದು ನನ್ನ ಕರ್ತವ್ಯವೇ ಆಗಿತ್ತು. "ನನಗೂ ಹಾಗೇ ಅನ್ನಿಸ್ತು ಪುಟ್ಟೀ," ಎಂದೆ.