ಕುರಿ ಕರೆಯುವ ಕಮಾಂಡ್

ಬೇಕಾದರೆ ಕೊಡು, ಬೇಡವಾದರೆ ಬಿಡು ಎಂದು ಇಟ್ಟಿರುವುದನ್ನು ಯಂತ್ರ ತಾನಾಗಿ ನೆನಪಿಸಬಾರದು. ಇದು ಅಜ್ಜಂಪುರದ ಕುರಿ ಸಾಕುವವರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಮಹೇಂದ್ರನ ಸಿದ್ಧಾಂತ. ತಾಲ್ಲೂಕಿನ ಕುರಿಗಳೆಲ್ಲ ಒಂದೇ ದಿನ ಸಂಘದ ಅಂಗಳಕ್ಕೆ ಬಂದು ನಿಂತದ್ದೂ ಈ ಸಿದ್ಧಾಂತದಿಂದಲೇ.

ಸದಸ್ಯರ ಮೊಬೈಲಿಗೆ ಮೆಸೇಜು ಕಳಿಸಲು ಅವನೇ ಒಂದು ಕಮಾಂಡ್ ಬರೆದಿದ್ದ. ಕಪ್ಪು ಪರದೆಯ ಮೇಲೆ ಎರಡಕ್ಷರ ಹೊಡೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದದ್ದನ್ನು ಅದೇ ತುಂಬಿಕೊಳ್ಳುತ್ತಿತ್ತು. ಕೊನೆಯಲ್ಲಿ ಊರಿನ ಹೆಸರು ಕೊಟ್ಟರೆ ಆ ಊರಿಗೆ ಮಾತ್ರ. ಹೆಸರಿಗೆ ಮೊದಲು ಅಡ್ಡಗೆರೆ ಹಾಕಿದರೆ ಆ ಊರು ಬಿಟ್ಟು ಮಿಕ್ಕವರಿಗೆ. ಏನೂ ಕೊಡದಿದ್ದರೆ ಎಲ್ಲರಿಗೂ. ಊರು ಕಡ್ಡಾಯವಲ್ಲವಲ್ಲ, ಆ ಜಾಗದಲ್ಲಿ ಟ್ಯಾಬ್ ಬಾಯಿ ಬಿಡುತ್ತಿರಲಿಲ್ಲ.

ಅವತ್ತು ಕುರಿಗಳ ಲಸಿಕೆಯ ಸರದಿ ಶಿವನಿ ಊರಿನದ್ದು. ಶಿವನಿಯ ಬೀರಪ್ಪನವರು ಮಗಳು ನಯನಾಳನ್ನು ಮಹೇಂದ್ರನಿಗೆ ಕೊಡುವ ಯೋಚನೆಯಲ್ಲಿದ್ದರು. ಕುರಿ ತಂದಾಗ ಹುಡುಗನ ಕೆಲಸವನ್ನೂ ಕಣ್ಣಾರೆ ನೋಡಿ ಮಾತು ಕೊಡುತ್ತೇನೆ ಎಂದಿದ್ದರು. ಮಹೇಂದ್ರ ಕ್ಷೌರಕ್ಕೆ ಹೋಗಿದ್ದಾಗ ಗುಮಾಸ್ತೆ ಅಶ್ವಿನಿ ಕುರಿ ತನ್ನಿ ಎಂಬ ಮೆಸೇಜು ಕಳಿಸಲು ಕೂತಳು. ಟ್ಯಾಬ್ ಒತ್ತಿದಳು, ಏನೂ ಬರಲಿಲ್ಲ. ಇನ್ನೇನೂ ಕೊಡಬೇಕಿಲ್ಲವೇನೋ ಎಂದು ಎಂಟರ್ ಹೊಡೆದಳು.

ಮಹೇಂದ್ರ ಮರಳುವ ಹೊತ್ತಿಗೆ ಆಫೀಸಿನ ಮೆಟ್ಟಿಲ ಮೇಲೂ ಕುರಿ. ತರೀಕೆರೆ ರಸ್ತೆಯಲ್ಲಿ ಬಸ್ಸುಗಳು ನಿಂತಿದ್ದವು. ಲಸಿಕೆ ಹಾಕಲು ಬಂದಿದ್ದ ಡಾಕ್ಟರು ಜೀಪಿನೊಳಗೆ ಕೂತು ಬಾಗಿಲು ಹಾಕಿಕೊಂಡಿದ್ದರು. ಕಾರ್ಯದರ್ಶಿ ಜಯದೇವಪ್ಪನವರ ಕ್ಯಾಲೆಂಡರನ್ನು ಒಂದು ಟಗರು ದಸರಾದವರೆಗೆ ತಿಂದು ಮುಗಿಸಿತ್ತು.

ಟ್ಯಾಬ್ ಒತ್ತಿದಾಗ ಊರು ತೋರಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಜಯದೇವಪ್ಪ ರೇಗಿದರು. ಕುರಿ ತಂದವರೂ ಒಬ್ಬೊಬ್ಬರು ಒಂದೊಂದು ಬುದ್ಧಿ ಹೇಳಿದರು. ಮಹೇಂದ್ರ ಜಗ್ಗಲಿಲ್ಲ.

"ತಪ್ಪು ನಂದಲ್ಲ ಸಾರ್. ಕಡ್ಡಾಯ ಅಲ್ಲದ್ದನ್ನ ಯಾಕೆ ತೋರಿಸ್ಬೇಕು? ನಿಮ್ಗೆ ಅಷ್ಟೊಂದು ಬೇಕು ಅಂದ್ರೆ, ಇವತ್ತಿನ ಸರದಿ ಊರು ತಾನೇ ಬಂದು ಕೂರೋ ಹಂಗೆ ಮಾಡ್ತೀನಿ, ನೋಡ್ತಿರಿ."

ನಿಂತವರೆದುರಿಗೇ ಕಮಾಂಡ್ ತಿದ್ದಿದ. ಇನ್ನೂ ದಾರಿಯಲ್ಲಿದ್ದ ಬೇರೆ ಊರಿನ ಮಂದೆಗಳನ್ನಾದರೂ ತಡೆಯಬೇಕಿತ್ತು. ಸಿಟ್ಟಿನಲ್ಲಿ ಖಾರವಾಗಿಯೇ ಬರೆದ: 'ನೀವು ಇವತ್ತು ಬರುವುದು ಬೇಡ. ಬಂದರೆ ಒಳಗೆ ಬಿಡುವುದಿಲ್ಲ. ಮಹೇಂದ್ರ.' ಶಿವನಿ ಬಿಟ್ಟು ಎನ್ನಲು ಅಡ್ಡಗೆರೆ ಹಾಕಿ, ಎಲ್ಲರಿಗೂ ಕಾಣುವಂತೆ ಬೆರಳೆತ್ತಿ ಟ್ಯಾಬ್ ಒತ್ತಿದ. ಶಿವನಿ ತಾನೇ ಬಂದು ಕೂತಿತು.

"ಒಂದ್ಸಲ ನೋಡ್ಬಿಡಿ ಸಾರ್," ಎಂದಳು ಅಶ್ವಿನಿ.

"ಬರ್ದಿರೋನೇ ನಾನು ಕಣ್ರೀ. ನಾನೇನ್ ನೋಡೋದು?" ಎಂದು ಎಂಟರ್ ಹೊಡೆದ.

ಅರ್ಧ ಗಂಟೆಯಾದರೂ ಮಂದೆಗಳು ಬರುತ್ತಲೇ ಇದ್ದವು. ಬಾರದವರು ಶಿವನಿಯವರು ಮಾತ್ರ. ಅಷ್ಟರಲ್ಲಿ ಬೀರಪ್ಪನವರ ಫೋನು ಬಂತು.

"ಏನಪ್ಪಾ, ಬರಬೇಡಿ ಅಂತ ನಮ್ಮೂರಿಗಷ್ಟೇ ಕಳ್ಸಿದೀಯಂತೆ. ಬೇರೆ ಊರೋರ್ನೆಲ್ಲ ವಿಚಾರಿಸ್ದೆ, ಯಾರ್ಗೂ ಬಂದಿಲ್ಲ. ಒಳಗೆ ಬಿಡಲ್ಲ ಅಂದೋನ ಬಾಗಿಲಿಗೆ ನಾನೂ ಬರಲ್ಲ, ನನ್ನ ಮಗಳೂ ಬರಲ್ಲ."

ಮಹೇಂದ್ರ ಪರದೆ ನೋಡಿದ. ಶಿವನಿಯನ್ನು ಕೂರಿಸುವಾಗ ಟ್ಯಾಬ್ ಅದಕ್ಕೆ ಮೊದಲಿದ್ದ ಅಡ್ಡಗೆರೆಯನ್ನು ಒರೆಸಿ ಹಾಕಿತ್ತು.

ಏನಂತೆ ಎಂದು ಜಯದೇವಪ್ಪ ಕೇಳಿದರು. ಮಹೇಂದ್ರ ತನ್ನ ಕುರ್ಚಿ ಮೇಲೆ ಮಲಗಿದ್ದ ಮರಿಯನ್ನು ಕೆಳಗಿಳಿಸಿ, ಎದೆ ಸೆಟೆಸಿ ಕೂತ.

"ಏನಿಲ್ಲ ಸಾರ್. ಈ ಸಲ ಮೆಸೇಜು ಒಂದೇ ಊರಿಗೆ ಹೋಗಿದೆ."