ಬ್ರಿಟಿಷ್ ಸವತಿಯರಿಗೆ ಎಡೆ

ನನಗೆ ನಾಲ್ವರು ಸವತಿಯರು. ನಾಲ್ವರೂ ಗಂಡಸರು, ಬ್ರಿಟಿಷ್ ಸೈನಿಕರು, ಮೊದಲ ಮಹಾಯುದ್ಧದಲ್ಲೇ ಸತ್ತವರು! ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವವಳು ಕುವೈತಿನ ಈ ಇಡೀ ಮಹಬೂಲಾ ಬಡಾವಣೆಯಲ್ಲಿ ನಾನೊಬ್ಬಳೇ ಇರಬೇಕು. ಹೋದ ವರ್ಷದ ಮಹಾಲಯ ಅಮಾವಾಸ್ಯೆ ನಮ್ಮ ಮನೆಯ ಕೊನೆಯ ಮಾಮೂಲಿ ದಿನ. ಅಂದೂ ಇವರ ಸಲುವಾಗಿಯೇ ಗಂಡನ ಜೊತೆ ಜಗಳವಾಡಿದ್ದೆ.

ಕುವೈತ್ ಬಿಡುವವರು ಉಳಿದವರಿಗೆ ಸೋಫಾ, ಮಿಕ್ಸಿ, ತುಳಸಿ ಕುಂಡ ಕೊಟ್ಟು ಹೋಗುವುದು ರೂಢಿ. ಮೀನಾ ಅಲ್ ಅಹ್ಮದಿಯ ತೈಲ ಸಂಸ್ಕರಣಾಗಾರದಲ್ಲಿ ನನ್ನವರ ಮೇಲಧಿಕಾರಿಯಾಗಿದ್ದ ಬ್ರಿಟಿಷ್ ಮುದುಕ ಕೊಟ್ಟಿದ್ದೇನು? ಒಂದು ಫೋಟೋ! ಅವನ ಅಜ್ಜನ ನಾಲ್ವರು ಅಣ್ಣಂದಿರು, ಒಬ್ಬೊಬ್ಬರು ಒಂದೊಂದು ರಣರಂಗದಲ್ಲಿ ಸತ್ತವರು. ತನಗೆ ಮಕ್ಕಳಿಲ್ಲ, ಇನ್ನು ಇವರನ್ನು ನೆನೆಯುವವರಿಲ್ಲ ಎಂದನಂತೆ. ನನ್ನವರು ತಂದು ದೇವರ ಪಕ್ಕದಲ್ಲೇ ಮೊಳೆ ಹೊಡೆದರು.

ಹಿರಿಯರಿಗೆ ಎಡೆ ಇಡುವ ದಿನ ಇವರಿಗೂ ನಾಲ್ಕು ತಾಟು. ಫ್ರಾನ್ಸಿನ ಕೆಸರಿನಲ್ಲಿ ಸತ್ತವನಿಗೆ ಬಿಸಿ ಚಹಾ. ಆಫ್ರಿಕಾದಲ್ಲಿ ಮಲೇರಿಯಾದಿಂದ ಹೋದವನಿಗೆ ಗಂಜಿ. ಬಸ್ರಾದ ಬಿಸಿಲಿನಲ್ಲಿ ಬಿದ್ದವನಿಗೆ ಮಜ್ಜಿಗೆ. ಗಡಿ ದಾಟಿದರೆ ಬಸ್ರಾ, ಹಾಗಾಗಿ ಅವನು "ನಮ್ಮ ಬಾಜೂ ಮನಿಯಾಂವ"! ಗ್ಯಾಲಿಪೊಲಿಯಲ್ಲಿ ಸತ್ತವನು ಫೋಟೋದಲ್ಲಿ ಸೊರಗಿದ್ದಾನೆಂದು ಎರಡು ಹೋಳಿಗೆ.

"ಅಲ್ರೀ, ನಮ್ಮ ಮದುವಿ ದಿನ ನೆನಪಿಲ್ಲ, ಇವ್ರು ಸತ್ತ ದಿನ ಬಾಯಿಪಾಠ!" ಎಂದೆ.

"ನೀ ಜೀವಂತ ಅದೀ, ಬೇಕಾದ್ದು ಕೇಳಿ ತಗೋತಿ. ಅವ್ರು ಪಾಪ, ಹೆಂಗ ಕೇಳ್ತಾರ?"

ಮಗಳು ನಕ್ಕಳು. "ಪಪ್ಪಾ, ದೇ ವಾಂಟ್ ಬಿಯರ್!"

"ಕುವೈತಿನ್ಯಾಗ ಸಿಗ್ತಿದ್ರ ಮೊದಲ ನಾನ ಕುಡೀತಿದ್ನೆವ್ವಾ!"

ಮರುದಿನ ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಕುಸಿದವರು ಏಳಲಿಲ್ಲ. ಊರಿಗೆ ಒಯ್ದು ಕಾರ್ಯ ಮುಗಿಸಿ, ನನ್ನ ಶಾಲೆಯ ಕೆಲಸವಿದ್ದುದರಿಂದ ನಾನೂ ಮಗಳೂ ಕುವೈತಿಗೆ ಮರಳಿದೆವು.

ಈ ಅಮಾವಾಸ್ಯೆಗೆ ಆ ನಾಲ್ಕರ ಸಾಲಿನಲ್ಲಿ ಐದನೆಯ ತಾಟು ಇಟ್ಟೆ. ಹೊಟ್ಟೆಕಿಚ್ಚು ತಣಿಯಿತೇ? ಎಲ್ಲಿಯ ಮಾತು, ಹೆಚ್ಚಾಯಿತು! ಈಗ ನನ್ನವರು ಪೂರ್ತಿ ಅವರ ಪಾಲು. ಫೋಟೋದ ಮುಂದೆ ನಿಂತೆ. ಬೈಯಬೇಕೆಂದಿದ್ದೆ, ಬಾಯಿಗೆ ಬಂದದ್ದು ಬೇರೆಯೇ.

"ನೋಡ್ರಪಾ, ಅವ್ರಿಗೆ ಶುಗರ್ ಐತಿ, ಹೋಳಿಗಿ ಕೊಡಬ್ಯಾಡ್ರಿ. ಮಾತು ಭಾಳ ಆಡ್ತಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ."

ಅವರೀಗ ಐದು ಜನ. ನನ್ನ ಹತ್ತಿರ ನನ್ನವರಿಲ್ಲ.