ದೊರೆ ಸಾಯಲೇಬೇಕು

ನಾನು ಮೂಲತಃ ಸಿಟ್ಟಿನ ಮನುಷ್ಯನಲ್ಲ. ಇನ್ನೊಬ್ಬರಿಗೆ ಏನಾದರೂ ತಿಳಿಸಿ ಹೇಳಲು ಹೊರಟಾಗ ಮಾತ್ರ ಸಿಟ್ಟು ಬರುತ್ತದೆ. ನನ್ನ ಗ್ರಹಚಾರಕ್ಕೆ ನಾನು ಮಾಸ್ತರ. ಸಂಸ್ಥಾನದ ಕಾಲದಲ್ಲಿ ಜಮಖಂಡಿಯ ಒಂದು ಶಾಲೆಯಲ್ಲಿ ಇಂಗ್ಲಿಷು ಕಲಿಸುತ್ತಿದ್ದೆ. ಪುಣೆಯಲ್ಲಿ ಬಿ.ಎ. ಮಾಡಿ ಬಂದಿದ್ದರೂ ನೌಕರಿ ಇನ್ನೂ ಹಂಗಾಮಿ. ಆ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಸಂಸ್ಥಾನದ ಕಾರಭಾರಿಗಳೇ, ಎಂದರೆ ದಿವಾನರೇ, ಬರುವವರಿದ್ದರು. ಅವರ ಮನಸ್ಸಿಗೆ ಬಂದರೆ ನನ್ನ ನೌಕರಿ ಖಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ತೇರದಾಳದ ಅತ್ತೆಯ ಮನೆಗೆ. ಹಾಗಾಗಿ ಎಲ್ಲರೂ ಬೆರಗಾಗುವಂತೆ ಗ್ರೀಕರ ಮಾದರಿಯಲ್ಲಿ ಒಂದು ಶುದ್ಧ ದುರಂತ ನಾಟಕ ಬರೆದೆ. ಅದರಲ್ಲಿ ನಂಬಿಕೆಯ ಮಂತ್ರಿಯೇ ವಿಷ ಬೆರೆಸಿ ಕೊಟ್ಟ ಹಾಲನ್ನು ದೊರೆ ಕುಡಿದು ಸಾಯುತ್ತಾನೆ. ಸಾಯುತ್ತಾನೆ ಎಂದರೆ ಸತ್ತೇ ಹೋಗುತ್ತಾನೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಸತ್ತವನಿಗೆ 'ವನ್ಸ್ ಮೋರ್' ಬಿದ್ದರೆ ಅವನು ಎದ್ದು, ಧೋತರ ಸರಿ ಮಾಡಿಕೊಂಡು, ಇನ್ನೊಮ್ಮೆ ಹಾಡಿ ಸಾಯುತ್ತಿದ್ದ.

ದೊರೆಯ ಪಾತ್ರ ನಮ್ಮ ಡ್ರಾಯಿಂಗ್ ಮಾಸ್ತರ ಗಿರಿಮಲ್ಲಪ್ಪನದು. ದನಿ ಒಳ್ಳೆಯದು, ಮೀಸೆ ಇನ್ನೂ ಒಳ್ಳೆಯದು, ತಲೆಯ ವಿಷಯ ಕೇಳಬೇಡಿ. ದುರಂತದ ನಾಯಕ ಹಾಳಾಗುವುದು ತನ್ನೊಳಗಿನ ಒಂದು ದೋಷದಿಂದಲೇ ಎಂದು ನಾನು ಗಂಟಲು ಹರಿದುಕೊಂಡರೆ ಅವನು ಮರುದಿನ ಜಾತಕ ಹಿಡಿದುಕೊಂಡು ಬಂದ. "ನೋಡ್ರಿ ಮಾಸ್ತರ, ನನಗ ಯಾವ ದೋಷಾನೂ ಇಲ್ಲ. ಮದವಿ ವ್ಯಾಳ್ಯಾದಾಗ ಖಾತ್ರಿ ಮಾಡ್ಕೊಂಡಾರ." ಸ್ವಗತ ಎಂದು ಬರೆದ ಮಾತುಗಳನ್ನು ತನ್ನ ಕಿವಿಗೂ ಕೇಳದಂತೆ ಗೊಣಗುತ್ತಿದ್ದ. ಯಾಕಪ್ಪಾ ಎಂದರೆ, "ನಾ ನನಗ ಹೇಳ್ಕೊಳ್ಳೂದು ಮಂದಿ ಯಾಕ ಕೇಳಬೇಕ್ರಿ?"

ಮನೆಗೆ ಬಂದರೆ ಅಲ್ಲಿ ಇನ್ನೊಂದು ಫಜೀತಿ. ಅಳಿಯನೆದುರು ಬಾಗಿಲ ಮರೆ ಬಿಟ್ಟು ಬಾರದ ಅತ್ತೆ ಆಗ ನಮ್ಮಲ್ಲಿಗೆ ಬಂದಿದ್ದರು. ಊಟದ ಹೊತ್ತಿಗೆ ಹೆಂಡತಿಯ ಮುಂದೆ ನನ್ನ ನಾಟಕದ ಜೀವಾಳವೇ ಐರನಿ ಎಂದೆ. ಬಾಗಿಲ ಹಿಂದಿನಿಂದ, "ಐರಣಿ ತರಾಕತ್ತಾರೇನು? ಯಾರ ಮದವಿಗ್ರೀ?" ಎಂದು ಕೇಳಿಬಂತು. ನಮ್ಮ ಕಡೆ ಐರಣಿ ಎಂದರೆ ಕುಂಬಾರರ ಮನೆಯಿಂದ ವಾದ್ಯ ಬಾರಿಸುತ್ತ ತರುವ ಮದುವೆಯ ಗಡಿಗೆ. ಹಣೆ ಹಣೆ ಬಡಿದುಕೊಂಡು ಬಿಡಿಸಿ ಹೇಳಿದೆ: ಹಾಲಿನಲ್ಲಿ ವಿಷವಿರುವುದು ನೋಡುವವರಿಗೆಲ್ಲ ಗೊತ್ತು, ಸ್ಟೇಜಿನ ಮೇಲಿನ ದೊರೆಗೆ ಮಾತ್ರ ಗೊತ್ತಿಲ್ಲ, ಅವನಿಗೆ ಯಾರೂ ಹೇಳಬಾರದು, ಹೇಳಿದರೆ ರಸವೆಲ್ಲ ಕೆಟ್ಟಿತು.

"ಮನಷ್ಯಾ ಸಾಯಾಕತ್ತಿದ್ರೂ ಹೇಳಬಾರದೇನು?" ಎಂದರು ಅತ್ತೆ.

"ಸತ್ತರೂ ಹೇಳಬಾರದ್ರಿ," ಎಂದು ಎದ್ದು ಕೈ ತೊಳೆದೆ.

ತಾಲೀಮು ಮುಗಿಯುತ್ತ ಬಂದಂತೆ ಎಲ್ಲರಿಗೂ ದೊರೆಯ ಮೇಲೆ ಮಮತೆ ಉಕ್ಕತೊಡಗಿತು. ಹೆಡ್ ಮಾಸ್ತರರು ಬಂದು, "ಸಂಸ್ಥಾನದಾಗ ಕೂತು ದೊರಿ ಸಾಯಿಸೂದು ಬೇಕೇನ್ರಿ? ಅದೂ ಕಾರಭಾರಿ ಸಾಹೇಬ್ರ ಎದುರಿಗೆ ಮಂತ್ರಿ ಕಡಿಂದ? ಜರಾ ಜಡ್ಡಾಗಿ ಮಲಗಿಸಿದ್ರ ನಡಿಯೂದಿಲ್ಲೇನು?" ಎಂದು ಗೋಗರೆದರು. ದುರಂತದಲ್ಲಿ ನಾಯಕ ಸಾಯಲೇಬೇಕೆಂಬ ಮೊದಲನೆಯ ಪಾಠ ಗೊತ್ತಿಲ್ಲದವರೂ ಹೆಡ್ ಮಾಸ್ತರರಾಗುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಹೆಂಡತಿಯೂ ಅದೇ ರಾಗ ಎಳೆದಳು. ಕಲೆಯ ಗಂಧ ಗಾಳಿಯಿಲ್ಲದ ಜನ ಎಂದುಕೊಂಡು ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಿದೆ: ದೊರೆ ಸಾಯಲೇಬೇಕು.

ಗ್ಯಾದರಿಂಗಿನ ಸಂಜೆ ಮಂಟಪ ಕಿಕ್ಕಿರಿದಿತ್ತು. ಕಾರಭಾರಿಗಳು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಮಂತ್ರಿ ಹಾಲಿಗೆ ವಿಷ ಬೆರೆಸುವಾಗ ಅವರ ಮುಖ ಗಂಟಿಕ್ಕಿತು. ಆಹಾ, ದುರಂತ ತಟ್ಟಿತು ಎಂದು ನಾನು ಪಡದೆಯ ಮರೆಯಲ್ಲಿ ಹಿಗ್ಗಿದೆ. ದೊರೆ ಬಟ್ಟಲು ಎತ್ತಿದ. ಆಗ ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು: "ಕುಡೀಬ್ಯಾಡ್ರೀ ದೊರಿಗಳ, ಹಾಲಿನ್ಯಾಗ ವಿಷಾ ಐತಿ."

ನಮ್ಮ ಅತ್ತೆ. ಅಳಿಯನೆದುರು ಬಾರದವರು ಊರೆದುರು ಎದ್ದು ನಿಂತಿದ್ದರು. ಹಿಂದೆಯೇ ಹೆಡ್ ಮಾಸ್ತರರು, "ಖರೇರಿ, ನಾನೂ ನೋಡೇನಿ," ಎಂದರು. ಇಡೀ ಮಂಟಪವೇ ಸಾಕ್ಷಿ ಹೇಳತೊಡಗಿತು. "ಕುಡಿಯೋ, ಕುಡಿಯೋ," ಎಂದು ನಾನು ಮರೆಯಿಂದ ಹಲ್ಲು ಕಡಿದೆ. ಗಿರಿಮಲ್ಲಪ್ಪ ಬಟ್ಟಲನ್ನು ನೆಲಕ್ಕೆ ಸುರಿದು, "ನಿಮ್ಮ ಉಪಕಾರ ಮರಿಯೂದಿಲ್ಲ ಅವ್ವಾರ," ಎಂದು ಕೈಮುಗಿದ. ಮಂತ್ರಿ ಅವನ ಕಾಲಿಗೆ ಬಿದ್ದು ಗಳಗಳ ಅತ್ತ. ಹಾರ್ಮೋನಿಯಂನವನು ತಡಮಾಡದೆ ಮಂಗಳ ಎತ್ತಿಕೊಂಡ.

ನನ್ನ ಕಥೆ ಮುಗಿಯಿತೆಂದುಕೊಂಡು ಹೊರಗೆ ಬಂದರೆ ಕಾರಭಾರಿಗಳು ನನ್ನ ಬೆನ್ನು ತಟ್ಟಿದರು. "ಶಾಬಾಸ್ ಮಾಸ್ತರ. ನಡುವ ನನಗ ಸಂಶೇ ಬಂದಿತ್ತು, ಎದ್ದು ಹೋಗಾಂವ ಇದ್ದೆ. ಪ್ರಜಾನ ದೊರಿ ಜೀಂವಾ ಉಳಸೂದು, ಮಂತ್ರಿ ಸುಧಾರಿಸೂದು, ಭಾಳ ಛಲೋ ಆತು. ನಿಮ್ಮದು ಖಾಯಂ ಅಂತ ತಿಳೀರಿ."

ಮನೆಗೆ ಬಂದು ಉಣ್ಣಲು ಕೂತೆ. ನೌಕರಿ ಸಿಕ್ಕಿದ್ದು ಸರಿ, ನಾಟಕ ಕೆಟ್ಟಿದ್ದಕ್ಕೆ ಸಿಟ್ಟು ಇಳಿದಿರಲಿಲ್ಲ. "ನಿಮ್ಮವ್ವಗ ಅಷ್ಟು ತಿಳಿಸಿ ಹೇಳಿದ್ದೆ. ಒಂದು ಅಕ್ಷರಾನೂ ತಲಿಗೆ ಹೋಗಿಲ್ಲ," ಎಂದು ಹೆಂಡತಿಯ ಮೇಲೆ ಹರಿಹಾಯ್ದೆ.

ಅವಳು ರೊಟ್ಟಿ ಬಡಿಸುತ್ತ, "ಹೆಡ್ ಮಾಸ್ತರ್ ಮನಿಗೆ ಬಂದು ಎದ್ದು ಕೂಗಾಕ ಅವ್ವನ್ನ ಒಪ್ಪಿಸಿ ಹೋಗಿದ್ರು. ಗಿರಿಮಲ್ಲಪ್ಪ ಹಾಲು ಚೆಲ್ಲೂದು ತಾಲೀಮೂ ಮಾಡಿದ್ರು," ಎಂದಳು. "ದೊರಿ ಸತ್ರ ನಿಮ್ಮ ನೌಕರಿ ಹೋಗತಿತ್ತು. ಊರಿಗೆಲ್ಲಾ ಗೊತ್ತಿತ್ರಿ."

"ಊರಿಗೆಲ್ಲಾ ಗೊತ್ತಿದ್ರ ನನಗೊಬ್ಬಗ ಯಾಕ ಹೇಳಲಿಲ್ಲ?"

ಅವಳು ಇನ್ನೊಂದು ರೊಟ್ಟಿ ಹಾಕಿದಳು. ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. "ಹೆಂಗ ಹೇಳೂದ್ರೀ ಅಳಿಯಾರ? ಹೇಳಿದ್ರ ರಸಾ ಕೆಡತೈತಿ ಅಂತ ನೀವ ಕಲಿಸೀರಲ್ಲ."

ನಾನು ಕಲಿಸಿದ್ದು ಒಬ್ಬರಿಗಾದರೂ ತಿಳಿದಿತ್ತು. ಮಾಸ್ತರನಾದವನು ಅದಕ್ಕೆ ಸಂತೋಷಪಡಬೇಕಂತೆ.